ಟಾಕಿ ಮೇಲಿನ ಹೆಸರು ಯಾರದು? ಜಾವಾ ಕಟ್ಟಿದ ಯಾನೆಚೆಕ್ ಎಂಬ ಎಂಜಿನಿಯರ್ ಕಥೆ

ಬಾಗಲಕೋಟೆ: ಇಳಕಲ್ಲಿನ ಗ್ಯಾರೇಜಿನ ಮುಂದಾಗಲಿ, ಹುನಗುಂದದ ಹೆದ್ದಾರಿ ಪಕ್ಕದ ಚಹಾದಂಗಡಿ ಮುಂದಾಗಲಿ, ಬಾದಾಮಿಯ ಬಜಾರದಲ್ಲಾಗಲಿ ಒಂದು ಹಳೇ ಜಾವಾ ಬಂದು ನಿಂತರೆ ನಾಲ್ಕು ಮಂದಿ ಸುತ್ತ ಸೇರೋದು ಖಚಿತ. ವಯಸ್ಸಾದವರು ಟಾಕಿ ಮೇಲೆ ಕೈ ಆಡಿಸ್ತಾರೆ. ಕಿಕ್ ಹೊಡೆದ ಲಿವರ್‌ನಿಂದಲೇ ಗಿಯರ್ ಹಾಕೋದನ್ನ ನೋಡಿ ಹುಡುಗರು ಮೊಬೈಲ್ ಹೊರಗೆ ತೆಗೀತಾರೆ. ಕಿಮ್ಮತ್ತು ಎಷ್ಟು, ಸ್ಪೇರ್ ಎಲ್ಲಿ ಸಿಗ್ತಾವ, ಕೊಡೋದೈತೇನು ಅಂತ ಕೇಳುವವರೂ ಇರ್ತಾರೆ.

ಆದರೆ ಟಾಕಿ ಮೇಲೆ ಬರೆದ ಆ ಎರಡಕ್ಷರದ ಹೆಸರು ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ಮೈಸೂರಿನ ಗಾಡಿ ಅಂತ ಬಹಳ ಮಂದಿಗೆ ಗೊತ್ತು. ಜಾವಾ ದ್ವೀಪದ ಹೆಸರು ಅಂತ ತಿಳಿದುಕೊಂಡವರೂ ಉಂಟು. ಖರೆ ಅಂದ್ರೆ ಅದರ ಅರ್ಧ ಒಬ್ಬ ಮನುಷ್ಯನ ಹೆಸರು. ಆ ಮನುಷ್ಯ ತೀರಿಕೊಂಡು 80 ವರ್ಷಗಳ ಮೇಲಾಯಿತು. ಮೈಸೂರಿನಲ್ಲಿ ತನ್ನ ಹೆಸರಿನ ಕಾರಖಾನೆ ಎದ್ದದ್ದನ್ನು ಅವರು ಕಾಣಲಿಲ್ಲ. ತಾವೇ ಕಟ್ಟಿದ ಕಾರಖಾನೆ ಮನೆತನದ ಕೈ ತಪ್ಪಿದ್ದನ್ನೂ ಪೂರ್ತಿ ಕಾಣಲಿಲ್ಲ. ಅವರೇ ಫ್ರಾಂಟಿಶೆಕ್ ಯಾನೆಚೆಕ್.

ಹಳೇ ಗಾಡಿಯನ್ನು ಗುಜರಿಗೆ ಹಾಕಬೇಕೋ, ರಿಪೇರಿ ಮಾಡಿಸಬೇಕೋ, ಕತ್ತರಿಸಿ ಹೊಸ ಶೋಕಿ ಗಾಡಿ ಮಾಡಿಸಬೇಕೋ ಅಂತ ತಲೆ ಕೆಡಿಸಿಕೊಂಡವರು ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಅಂಥವರಿಗೆ ಈ ಮನುಷ್ಯನ ಬದುಕಿನಲ್ಲಿ ತಿಳಿದುಕೊಳ್ಳುವಂಥದ್ದು ಸಾಕಷ್ಟಿದೆ.

ಹಳ್ಳಿಯಿಂದ ಪ್ರಾಗ್‌ಗೆ

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು. ಊರು ಕ್ಲಾಷ್ಟರ್ ನಾದ್ ದ್ಯೆದಿನೊವ್. ಈಗಿನ ಚೆಕ್ ದೇಶದ ಪೂರ್ವ ಭಾಗದ ಒಂದು ಸಣ್ಣ ಹಳ್ಳಿ. ಆಗ ಚೆಕ್ ಅನ್ನೋ ಸ್ವತಂತ್ರ ದೇಶವೇ ಇರಲಿಲ್ಲ. ನಮ್ಮ ಕಡೆ ಬ್ರಿಟಿಷರ ಮುಂಬೈ ಸರ್ಕಾರದ ಆಳ್ವಿಕೆ ಇದ್ದ ಹಾಗೆ, ಅವರ ನಾಡು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಕೈಯಲ್ಲಿತ್ತು.

ಹುಡುಗ ಯಂತ್ರಗಳ ಕಡೆ ವಾಲಿದ. ಪ್ರಾಗ್‌ನಲ್ಲಿ, ಆಮೇಲೆ ಜರ್ಮನಿಯ ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಕಲಿತ. ಓದು ಮುಗಿಸಿ ಕಾರಖಾನೆ ನೌಕರಿಗೆ ಸೇರಿದ. ಬರೀ ಸಂಬಳದ ನೌಕರಿಯಲ್ಲಿ ನಿಲ್ಲುವ ಆಸಾಮಿ ಅದಾಗಿರಲಿಲ್ಲ. ಇದ್ದದ್ದನ್ನು ಬಿಚ್ಚಿ ನೋಡೋದು, ಎಲ್ಲಿ ಕೆಟ್ಟೈತಿ ಅಂತ ಹುಡುಕೋದು, ಬೇರೆ ತರಹ ಮಾಡಿ ನೋಡೋದು ಅವರ ಸ್ವಭಾವ. ಬದುಕಿನಲ್ಲಿ ಹತ್ತಾರು ಪೇಟೆಂಟ್‌ಗಳನ್ನು ಅವರು ತಮ್ಮ ಹೆಸರಿಗೆ ಮಾಡಿಸಿಕೊಂಡರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಯಾನೆಚೆಕ್ ಅವರ ತಲೆ ಆಗ ಓಡಿದ್ದು ಮದ್ದುಗುಂಡಿನ ಕಡೆ. ಕೈಬಾಂಬು ವಿನ್ಯಾಸ ಮಾಡಿದರು. 1918ರಲ್ಲಿ ಸಾಮ್ರಾಜ್ಯ ಮುರಿದು ಚೆಕೊಸ್ಲೊವಾಕಿಯಾ ಅನ್ನೋ ಹೊಸ ದೇಶ ಹುಟ್ಟಿತು. ಹೊಸ ದೇಶಕ್ಕೆ ಹೊಸ ಸೇನೆ ಬೇಕಿತ್ತು, ಸೇನೆಗೆ ಶಸ್ತ್ರ ಬೇಕಿತ್ತು. ಯಾನೆಚೆಕ್ ಪ್ರಾಗ್‌ನಲ್ಲಿ ತಮ್ಮದೇ ಶಸ್ತ್ರಾಸ್ತ್ರ ಕಾರಖಾನೆ ಹಾಕಿದರು. ಅವರ ಕೈಬಾಂಬು ಆ ದೇಶದ ಸೇನೆಗೆ ಸೇರಿತು. ರೊಕ್ಕ ಬಂತು, ಹೆಸರೂ ಬಂತು.

ಹೀಗೆ ಇಂದು ಮದುವೆ ಮೆರವಣಿಗೆಯಲ್ಲಿ ಹೂ ಹಾಕಿಸಿಕೊಂಡು ಓಡಾಡುವ ಗಾಡಿಯ ಮೂಲ ಬಂಡವಾಳ ಬಾಂಬಿನದ್ದು.

ಆರ್ಡರ್ ನಿಂತವು, ಮಷಿನ್ ನಿಂತವು

ಯುದ್ಧದ ಮಾಲು ಮಾಡುವವನಿಗೆ ಒಂದು ತೊಂದರೆ ಇರ್ತದೆ. ಯುದ್ಧ ಇಲ್ಲದಿದ್ದರೆ ಅಂಗಡಿ ಖಾಲಿ. 1920ರ ದಶಕದ ಕೊನೆಗೆ ಯುರೋಪಿನಲ್ಲಿ ಶಾಂತಿ ಇತ್ತು, ಸೇನೆಯ ಆರ್ಡರ್ ಇಳಿಯುತ್ತಾ ಬಂದವು. ಕಾರಖಾನೆ ಇದೆ, ಮಷಿನ್ ಇವೆ, ನುರಿತ ಕೆಲಸಗಾರರಿದ್ದಾರೆ, ಕೆಲಸ ಇಲ್ಲ. ಕೆಲಸಗಾರರನ್ನು ಮನೆಗೆ ಕಳಿಸಬೇಕು, ಇಲ್ಲಾ ಬೇರೆ ದಂಧೆ ಹುಡುಕಬೇಕು. ಯಾನೆಚೆಕ್ ಎರಡನೆಯದನ್ನು ಆರಿಸಿಕೊಂಡರು.

ಅವರ ಕಣ್ಣು ಬಿದ್ದದ್ದು ಮೋಟಾರ್‌ಸೈಕಲ್ ಮೇಲೆ. ಮೊದಲಿನಿಂದ ವಿನ್ಯಾಸ ಮಾಡಲು ವರ್ಷಗಳು ಬೇಕು. ಅಷ್ಟರಲ್ಲಿ ಜರ್ಮನಿಯ ವಾಂಡರರ್ ಕಂಪನಿ ಮೋಟಾರ್‌ಸೈಕಲ್ ಧಂದೆಯಿಂದ ಕೈ ತೊಳೆದುಕೊಳ್ಳಲು ನಿಂತಿತ್ತು. ಅವರ ಹತ್ತಿರ 500 ಸಿಸಿಯ ಒಂದು ಗಾಡಿ ತಯಾರಿತ್ತು. 1929ರಲ್ಲಿ ಯಾನೆಚೆಕ್ ಅದರ ಲೈಸೆನ್ಸ್ ಮತ್ತು ತಯಾರಿಕೆಯ ಸಾಮಗ್ರಿ ಕೊಂಡುಕೊಂಡರು.

ಹೊಸ ಗಾಡಿಗೆ ಹೆಸರು ಬೇಕಲ್ಲ. ಯಾನೆಚೆಕ್ ಅನ್ನೋದನ್ನು ಅಲ್ಲಿಯ ಲಿಪಿಯಲ್ಲಿ ಬರೆದರೆ ಮೊದಲ ಅಕ್ಷರವನ್ನು ನಾವು ‘ಜಾ’ ಅಂತ ಓದ್ತೇವೆ, ಅವರು ‘ಯಾ’ ಅಂತಾರೆ. ಅದಕ್ಕೆ ವಾಂಡರರ್‌ನ ‘ವಾ’ ಸೇರಿತು. ಅವರ ಬಾಯಲ್ಲಿ ಯಾವಾ, ನಮ್ಮ ಬಾಯಲ್ಲಿ ಜಾವಾ. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಒಂದೇ ಸೀರೆ ಮಾಡ್ತಾರಲ್ಲ, ಹಂಗೆ ಒಬ್ಬ ಮನುಷ್ಯನ ಹೆಸರಿಗೂ ಒಂದು ಕಂಪನಿಯ ಹೆಸರಿಗೂ ಕೊಂಡಿ ಬಿತ್ತು. ಕೊಂಡಿಯ ಒಂದು ಕಡೆಯವರು ಧಂದೆ ಬಿಟ್ಟು ಹೋದರೂ ಹೆಸರು ಮಾತ್ರ ಬಿಚ್ಚಲಿಲ್ಲ.

ಮೊದಲ ಗಾಡಿಯ ಏಟು

ಮೊದಲ ಜಾವಾ ನೋಡೋಕೆ ಜೋರಾಗಿತ್ತು. 500 ಸಿಸಿ, 18 ಹಾರ್ಸ್‌ಪವರ್. ಚೈನ್ ಬದಲಿಗೆ ಶಾಫ್ಟ್ ಮೇಲೆ ಹಿಂದಿನ ಗಾಲಿ ತಿರುಗುತ್ತಿತ್ತು. ಪೈಪಿನ ಬದಲು ಒತ್ತಿದ ತಗಡಿನ ಗಟ್ಟಿ ಚಾಸಿ. ಹಳದಿ-ಕೆಂಪು ಬಣ್ಣ.

ಆದರೆ ಎರಡು ತೊಂದರೆ ಎದುರಾದವು. ಒಂದು, ಆರಂಭದಲ್ಲಿ ಗಾಡಿಯಲ್ಲಿ ಸಣ್ಣಪುಟ್ಟ ದೋಷ ಕಂಡು ಅವನ್ನು ಸರಿಪಡಿಸಬೇಕಾಯಿತು. ಎರಡನೆಯದೇ ದೊಡ್ಡದು: ಬೆಲೆ. 1929ರ ಕೊನೆಗೆ ಅಮೆರಿಕದ ಶೇರು ಪೇಟೆ ಕುಸಿದು, ಅದರ ಬಿಸಿ ಜಗತ್ತಿಗೆಲ್ಲ ತಟ್ಟಿತು. ಮಂದಿ ಕೈಯಲ್ಲಿ ರೊಕ್ಕ ಇಲ್ಲದ ಹೊತ್ತಿನಲ್ಲಿ ಭಾರೀ, ದುಬಾರಿ ಗಾಡಿ ಮಾರಾಟಕ್ಕಿಟ್ಟಂತಾಯಿತು. ನೋಡಿ ಮೆಚ್ಚುವವರು ಸಿಕ್ಕರು, ಕೊಳ್ಳುವವರು ಸಾಕಷ್ಟು ಸಿಗಲಿಲ್ಲ.

ವ್ಯಾಪಾರ ಮಾಡುವವರಿಗೆ ಈ ಸಂಕಟ ಗೊತ್ತು. ಮಾಲು ಚಲೋ ಇದೆ, ಗಿರಾಕಿಯ ಕಿಸೆಗೆ ಸರಿಹೊಂದುತ್ತಿಲ್ಲ. ಆಗ ಗಿರಾಕಿಯನ್ನು ಬೈದು ಕೂತರೆ ಅಂಗಡಿ ಮುಚ್ಚಬೇಕಾಗ್ತದೆ. ಯಾನೆಚೆಕ್ ಬೈಯಲಿಲ್ಲ, ಮಾಲು ಬದಲಿಸಿದರು.

ಸಣ್ಣ ಎಂಜಿನ್, ದೊಡ್ಡ ತಿರುವು

ಈ ಹೊತ್ತಿಗೆ ಅವರ ಜೊತೆ ಒಬ್ಬ ಇಂಗ್ಲಿಷ್ ಎಂಜಿನಿಯರ್ ಸೇರಿದ್ದರು, ಜಾರ್ಜ್ ವಿಲಿಯಂ ಪ್ಯಾಚೆಟ್. ಗಾಡಿ ವಿನ್ಯಾಸ ಮಾಡುವವರೂ ಹೌದು, ರೇಸಿನಲ್ಲಿ ಓಡಿಸುವವರೂ ಹೌದು. ಜಾವಾ ರೇಸ್ ಗಾಡಿಗಳ ಹಿಂದೆ ಅವರ ಕೈ ಇತ್ತು. ಇದೇ ಪ್ಯಾಚೆಟ್ ಮುಂದೆ ಇಂಗ್ಲೆಂಡಿಗೆ ಮರಳಿ ಸ್ಟರ್ಲಿಂಗ್ ಕಾರ್ಬೈನ್ ವಿನ್ಯಾಸ ಮಾಡಿದರು. ನಮ್ಮ ದೇಶದ ಸೇನೆ ಮತ್ತು ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ಆ ಗಿಡ್ಡ ಬಂದೂಕು ಅದೇ.

1932ರಲ್ಲಿ ಜಾವಾ 175 ಬಂತು. ಎಂಜಿನ್ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ ವಿನ್ಯಾಸದ್ದು, ಟು ಸ್ಟ್ರೋಕ್. ಗಾಡಿ ಹಗುರ, ಬೆಲೆ ಕಡಿಮೆ, ಪೆಟ್ರೋಲ್ ಖರ್ಚೂ ಕಡಿಮೆ. ಇದು ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಯಿತು. ಮುಳುಗಬೇಕಾಗಿದ್ದ ಧಂದೆ ದಡ ಸೇರಿತು.

ಟು ಸ್ಟ್ರೋಕ್ ಎಂಜಿನ್ ಬಿಚ್ಚಿ ನೋಡಿದ ಮಿಸ್ತ್ರಿಗಳಿಗೆ ಇದರ ಮರ್ಮ ಬೇಗ ತಿಳೀತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್, ಅದರ ಸ್ಪ್ರಿಂಗ್, ಅದನ್ನು ಎತ್ತಿ ಇಳಿಸುವ ಕ್ಯಾಮ್, ರಾಡು ಅಂತ ಒಂದು ಸಂಸಾರವೇ ಇರ್ತದೆ. ಈ ಕಾಲದ ಸಾದಾ ಟು ಸ್ಟ್ರೋಕಿನಲ್ಲಿ ಅವ್ಯಾವೂ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿ ಇರ್ತಾವೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ತಾನೇ ಅವನ್ನು ತೆರೀತದೆ, ಮುಚ್ಚತದೆ. ಎಂಜಿನ್ ಒಳಗಿನ ಎಣ್ಣೆಗೂ ಬೇರೆ ವ್ಯವಸ್ಥೆ ಇಲ್ಲ, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕೋದು. ಅಂದ್ರೆ ಕೆಡುವ ಸಾಮಾನು ಕಡಿಮೆ. ಸವೆದರೆ ಸಿಲಿಂಡರ್ ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್, ರಿಂಗ್ ಹಾಕಿದರೆ ಮತ್ತೆ ಓಡ್ತದೆ. ಸೈಲೆನ್ಸರ್ ಕಟ್ಟಿಕೊಂಡರೆ ಒಳಗಿನ ಮಸಿ ತೆಗೆದರಾಯಿತು.

ಕಂಪನಿ ಇಂಜಿನಿಯರ್ ಬರುವ ತನಕ ಕಾಯಬೇಕಿಲ್ಲ. ಹಳ್ಳಿಯ ಮಿಸ್ತ್ರಿ ಸಾಕು. ಜಾವಾ ಮುಂದೆ ದೇಶದೇಶ ತಿರುಗಿದ್ದರ ಹಿಂದೆ ಇದೊಂದು ದೊಡ್ಡ ಕಾರಣ.

1930ರ ದಶಕದಲ್ಲಿ ಯಾನೆಚೆಕ್ ಒಂದರ ಮೇಲೊಂದು ಹೆಜ್ಜೆ ಇಟ್ಟರು. 250 ಸಿಸಿಯ ಟು ಸ್ಟ್ರೋಕ್ ಗಾಡಿ ಬಂತು. 350 ಸಿಸಿ ಗಾಡಿಗಳು ಬಂದವು. ಜರ್ಮನಿಯ ಡಿಕೆಡಬ್ಲ್ಯೂ ಕಂಪನಿಯ ಲೈಸೆನ್ಸ್ ಪಡೆದು ಕಾರನ್ನೂ ಮಾಡಿದರು, ಆಮೇಲೆ ಮೈನರ್ ಅನ್ನೋ ತಮ್ಮದೇ ಸಣ್ಣ ಕಾರು ತಂದರು. 1937ರಲ್ಲಿ ರೋಬೋಟ್ ಅನ್ನೋ 100 ಸಿಸಿ ವರ್ಗದ ಪುಟ್ಟ ಗಾಡಿ ಬಂತು. ಇವೆಲ್ಲದರಲ್ಲೂ ಒಂದು ರೀತಿ ಕಾಣ್ತದೆ. ಬೇರೆಯವರ ಚಲೋ ಕೆಲಸವನ್ನು ರೊಕ್ಕ ಕೊಟ್ಟು, ಕಾಗದ ಮಾಡಿಸಿಕೊಂಡು ತರೋದು. ಅದನ್ನು ತಮ್ಮ ಗಿರಾಕಿಗೆ ತಕ್ಕಂತೆ ತಿದ್ದೋದು. ಕಲಿತಾದ ಮೇಲೆ ತಮ್ಮದೇ ಮಾಡೋದು.

ಊರಿಗೆ ಬಂದ ಸೇನೆ

ಧಂದೆ ನೆಲೆ ನಿಂತ ಹೊತ್ತಿಗೆ ದೇಶವೇ ಅಲುಗಾಡಿತು. 1938ರ ಮ್ಯೂನಿಕ್ ಒಪ್ಪಂದದಲ್ಲಿ ಚೆಕೊಸ್ಲೊವಾಕಿಯಾದ ಗಡಿ ಸೀಮೆಯನ್ನು ಹಿಟ್ಲರನ ಜರ್ಮನಿಗೆ ಬಿಟ್ಟುಕೊಡಲಾಯಿತು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್‌ಗೆ ನುಗ್ಗಿತು. ಜಾವಾ ಕಾರಖಾನೆ ಜರ್ಮನರ ಹುಕುಮಿಗೆ ಒಳಪಟ್ಟಿತು. ಸಾರ್ವಜನಿಕರಿಗೆ ಮೋಟಾರ್‌ಸೈಕಲ್ ಮಾಡುವ ಕೆಲಸ ನಿಂತು, ಜರ್ಮನ್ ಸೇನೆಯ ಕೆಲಸ ಶುರುವಾಯಿತು.

ಯಾನೆಚೆಕ್ ಅವರ ಮಗನ ಹೆಸರೂ ಫ್ರಾಂಟಿಶೆಕ್, ಫ್ರಾಂಟಿಶೆಕ್ ಕಾರೆಲ್ ಯಾನೆಚೆಕ್. ಅವರೂ ಎಂಜಿನಿಯರ್. ಅವರು ಇಂಗ್ಲೆಂಡಿಗೆ ಹೋಗಿ ಮಿತ್ರಸೇನೆಯ ಪರ ಕೆಲಸ ಮಾಡಿದರು. ಟ್ಯಾಂಕ್ ಒಡೆಯುವ ಸಣ್ಣ ತೋಪಿನ ಬಾಯಿಗೆ ಹಾಕುವ ಒಂದು ಸಾಧನ ಅವರ ವಿನ್ಯಾಸ. ಬಾಯಿ ಕಡೆ ಕಿರಿದಾಗುತ್ತಾ ಹೋಗುವ ಆ ಕೊಳವೆಯಲ್ಲಿ ಗುಂಡು ಒತ್ತಿಕೊಂಡು ಹೆಚ್ಚು ವೇಗದಿಂದ ಹಾರುತ್ತಿತ್ತು. ಬ್ರಿಟಿಷರು ಅದಕ್ಕೆ ಲಿಟಲ್‌ಜಾನ್ ಅಂತ ಹೆಸರಿಟ್ಟರು. ಯಾನೆಚೆಕ್ ಅಂದ್ರೆ ಚೆಕ್ ಭಾಷೆಯಲ್ಲಿ ಪುಟ್ಟ ಯಾನ್, ಇಂಗ್ಲಿಷಿಗೆ ತಿರುಗಿಸಿದರೆ ಲಿಟಲ್ ಜಾನ್. ಮನೆತನದ ಹೆಸರು ಹೀಗೆ ಎರಡು ಕಡೆ ಹಂಚಿಹೋಯಿತು. ಪ್ರಾಗ್‌ನಲ್ಲಿ ಬೈಕಿನ ಟಾಕಿ ಮೇಲೆ, ಇಂಗ್ಲೆಂಡಿನಲ್ಲಿ ತೋಪಿನ ಬಾಯಿಯ ಮೇಲೆ.

ತಂದೆ ಯುದ್ಧದ ಕೊನೆ ನೋಡಲಿಲ್ಲ. 1941ರ ಜೂನ್ 4ರಂದು ಫ್ರಾಂಟಿಶೆಕ್ ಯಾನೆಚೆಕ್ ತೀರಿಕೊಂಡರು. 63 ವರ್ಷ. ದೇಶ ಪರರ ಕೈಯಲ್ಲಿ, ಕಾರಖಾನೆ ಪರರ ಹುಕುಮಿನಲ್ಲಿ. ಅಂದು ಯಾರಾದರೂ ಲೆಕ್ಕ ಹಾಕಿದ್ದರೆ ಜಾವಾ ಕಥೆ ಅಲ್ಲಿಗೇ ಮುಗಿಯಿತು ಅಂತಿದ್ದರು.

ಕದ್ದುಮುಚ್ಚಿ ಹುಟ್ಟಿದ ಗಾಡಿ

ಮುಗಿಯಲಿಲ್ಲ. ಅವರು ಬೆಳೆಸಿದ ಎಂಜಿನಿಯರ್‌ಗಳು, ಮಿಸ್ತ್ರಿಗಳು ಜರ್ಮನರ ಕಣ್ಣು ತಪ್ಪಿಸಿ ಹೊಸ ಗಾಡಿಯ ಕೆಲಸ ನಡೆಸಿದರು. ತಯಾರಾದ ಮಾದರಿ ಗಾಡಿಗಳಿಗೆ ಜರ್ಮನಿಯ ಡಿಕೆಡಬ್ಲ್ಯೂ ಬ್ಯಾಡ್ಜ್ ಹಚ್ಚಿ ರಸ್ತೆಯ ಮೇಲೆ ಓಡಿಸಿ ನೋಡಿದರು. ಸಿಕ್ಕಿಬಿದ್ದಿದ್ದರೆ ಅದು ಬರೀ ನೌಕರಿ ಹೋಗುವ ಮಾತಾಗಿರಲಿಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಆ ಗಾಡಿ ಜಗತ್ತಿನ ಮುಂದೆ ಬಂತು. 250 ಸಿಸಿ ಟು ಸ್ಟ್ರೋಕ್, ಹಿಂದಿನ ಗಾಲಿಗೂ ಸ್ಪ್ರಿಂಗ್. ಅದಕ್ಕೇ ಚೆಕ್ ಮಂದಿ ಅದನ್ನು ಪೇರಾಕ್ ಅಂತ ಕರೆದರು. ಪೇರೊ ಅಂದ್ರೆ ಅವರ ಭಾಷೆಯಲ್ಲಿ ಸ್ಪ್ರಿಂಗ್. ಗಿಯರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಡೂ ಅದರಲ್ಲಿತ್ತು. ಇಂದು ಜಾವಾ ಕಂಪನಿ ಹೊಸ ಗಾಡಿಗೆ ಪೇರಾಕ್ ಅಂತ ಹೆಸರಿಟ್ಟಿರೋದು ಇದೇ ನೆನಪಿಗೆ.

ಆದರೆ ಗಾಡಿ ಜಗತ್ತು ಗೆದ್ದ ಹೊತ್ತಿಗೆ ಕಾರಖಾನೆ ಯಾನೆಚೆಕ್ ಮನೆತನದ್ದಾಗಿ ಉಳಿದಿರಲಿಲ್ಲ. ಯುದ್ಧದ ನಂತರ ಸರ್ಕಾರ ದೊಡ್ಡ ಕಾರಖಾನೆಗಳನ್ನು ರಾಷ್ಟ್ರೀಕರಣ ಮಾಡಿತು, ಜಾವಾ ಕೂಡ ಅದರಲ್ಲಿ ಹೋಯಿತು. ಒಬ್ಬ ಮನುಷ್ಯ ಕಟ್ಟಿದ್ದೆಲ್ಲ ಕೈಬಿಟ್ಟು ಹೋಗಿ ಹೆಸರು ಮಾತ್ರ ಉಳಿಯೋದು ಅಂದ್ರೆ ಏನು ಅಂತ ಬಾಗಲಕೋಟೆ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಓಣಿ, ಅಂಗಡಿ, ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರಿಗೆ ಆ ಲೆಕ್ಕ ಗೊತ್ತು.

ಮೈಸೂರಿನ ಯಾದವಗಿರಿ

ಇನ್ನು ಕಥೆ ನಮ್ಮ ನಾಡಿಗೆ ಬರ್ತದೆ. 1950ರ ದಶಕದಲ್ಲಿ ಜಾವಾ ಗಾಡಿಗಳು ಹಡಗಿನಲ್ಲಿ ಮುಂಬೈಗೆ ಬರುತ್ತಿದ್ದವು. ತರಿಸಿ ಮಾರುತ್ತಿದ್ದವರು ಇರಾನಿ ಮನೆತನದವರು. ಹೊರದೇಶದ ಗಾಡಿ ತರಿಸಲು ಕೇಂದ್ರ ಸರ್ಕಾರ ಕಡಿವಾಣ ಹಾಕಿದಾಗ, ಇಲ್ಲೇ ತಯಾರಿಸದೆ ಬೇರೆ ದಾರಿ ಇರಲಿಲ್ಲ. ರುಸ್ತುಂ ಇರಾನಿ, ಫರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲ ಸಿಕ್ಕಿತು. 1961ರಲ್ಲಿ ಯಾದವಗಿರಿಯ ಕಾರಖಾನೆಯಿಂದ ಗಾಡಿ ಹೊರಬರತೊಡಗಿದವು. ಯಾನೆಚೆಕ್ ತೀರಿಕೊಂಡು ಆಗ 20 ವರ್ಷ.

ಮಂದಿ ಇಂದಿಗೂ ನೆನೆಸುವ ಜಾವಾ 250 ಅದೇ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ಕಿಗೂ ಗಿಯರಿಗೂ ಒಂದೇ ಲಿವರ್. ಟಾಕಿಯ ಪಕ್ಕಕ್ಕೆ ಕ್ರೋಮ್ ಹೊಳಪು, ಅಂಚಿಗೆ ಬಂಗಾರದ ಬಣ್ಣದ ಗೆರೆ. ಕೀಲಿ ಹೆಡ್‌ಲೈಟ್ ಮೇಲೆ. 1973ರಿಂದ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಬಂದವು, 1978ರಲ್ಲಿ ರೋಡ್‌ಕಿಂಗ್ ಬಂತು. ಹೆಸರು ಬದಲಾದರೂ ಒಳಗಿನ ಮೂಳೆ ಜಾವಾದ್ದೇ.

1980ರ ದಶಕದಲ್ಲಿ ಜಪಾನ್ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿಸಿ ಗಾಡಿಗಳು ಬಂದು ಮೈಲೇಜಿನ ಆಟ ಶುರುವಾಯಿತು. ಹೊಗೆ ನಿಯಮ ಬಿಗಿಯಾದವು. 1996ರಲ್ಲಿ ಮೈಸೂರು ಕಾರಖಾನೆ ಬಾಗಿಲು ಮುಚ್ಚಿತು. ಮರುವರ್ಷ, 1997ರಲ್ಲಿ, ಬಾಗಲಕೋಟೆ ಜಿಲ್ಲೆ ಹುಟ್ಟಿತು. ಹಾಗಾಗಿ ಹೊಸದಾಗಿದ್ದಾಗಲೇ ಕೆಎ 29 ನಂಬರ್ ಪಡೆದ ಮೈಸೂರು ಜಾವಾ ಹುಡುಕಿದರೂ ಸಿಗೋದು ಕಷ್ಟ. ಜಿಲ್ಲೆಯ ಹಳೇ ಗಾಡಿಗಳ ಕಾಗದದಲ್ಲಿ ಅಖಂಡ ವಿಜಾಪುರದ ಗುರುತೋ, ಬೇರೆ ಊರಿನ ಗುರುತೋ ಇರ್ತದೆ.

2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು, 2022ರಲ್ಲಿ ಯೆಜ್ಡಿಯನ್ನೂ ತಂದಿತು. ಆದರೆ 1996ರಿಂದ 2018ರ ತನಕದ 22 ವರ್ಷ ಈ ದೇಶದಲ್ಲಿ ಜಾವಾ ಹೆಸರನ್ನು ಜೀವಂತ ಇಟ್ಟದ್ದು ಯಾವ ಕಂಪನಿಯೂ ಅಲ್ಲ. ಗಾಡಿ ಮಾರದೆ ಇಟ್ಟುಕೊಂಡ ಮಾಲೀಕರು, ಗುಜರಿಯಲ್ಲಿ ಸ್ಪೇರ್ ಹುಡುಕಿ ತಂದು ಜೋಡಿಸಿದ ಮಿಸ್ತ್ರಿಗಳು. ಜುಲೈ ತಿಂಗಳ 2ನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಬೆಂಗಳೂರು, ಮೈಸೂರಿನಲ್ಲಿ ಗಾಡಿಗಳ ಸಾಲು ಹೊರಡೋದು ಅವರ ದುಡಿಮೆಯಿಂದ.

ಕತ್ತರಿಸುವ ಮುನ್ನ

ಈಗ ಹಿತ್ತಲಲ್ಲಿ, ಅಟ್ಟದ ಕೆಳಗೆ ಅಪ್ಪನದೋ ಅಜ್ಜನದೋ ಜಾವಾ ನಿಂತಿದ್ದರೆ ಏನು ಮಾಡೋದು? ಯಾನೆಚೆಕ್ ಬದುಕು ಇದಕ್ಕೆ ಒಂದು ದಾರಿ ತೋರಿಸ್ತದೆ. ಅವರೂ ಬೇರೆಯವರ ಗಾಡಿಯನ್ನು ಬದಲಿಸಿದವರೇ. ಆದರೆ ಲೈಸೆನ್ಸ್ ಇಲ್ಲದೆ ಕೈ ಹಚ್ಚಲಿಲ್ಲ. ಬದಲಿಸಿದ್ದು ಓಡಿಸುವವನ ಅನುಕೂಲಕ್ಕೆ.

ಮೊದಲ ಮಾತು ಕಾಗದದ್ದು. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗಬೇಕು. ರಿಪೇರಿಗೆ ಕೊಡುವ ಮುಂಚೆ ಎರಡೂ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳೋದು ಒಳ್ಳೇದು. ಪೇಂಟ್‌ಗೆ ಮುಂಚೆ ಉಜ್ಜುವಾಗ ನಂಬರ್ ಅಳಿಸಿಹೋದರೆ ಗಾಡಿ ಇದ್ದೂ ಇಲ್ಲದಂತೆ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗೀತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಎರಡನೆಯದು ಮಾರ್ಪಾಡಿನದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಚಾಸಿ ಕತ್ತರಿಸಿ ಉದ್ದ ಮಾಡಿಸೋದು, ಬೇರೆ ಎಂಜಿನ್ ಕೂರಿಸೋದು, ಸೈಲೆನ್ಸರ್ ಕಿತ್ತು ಸದ್ದು ಮಾಡೋದು ನೋಡೋಕೆ ಶೋಕಿ, ದಂಡಕ್ಕೆ ದಾರಿ.

ಮೂರನೆಯದು ಬಹಳ ಮಂದಿಗೆ ಗೊತ್ತಿಲ್ಲದ್ದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಇದರಡಿ ಬರ್ತವೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲಿ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿ ಆದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಈ ವರ್ಗದ ಗಾಡಿಯನ್ನು ದಿನಾ ಸಂತೆಗೆ, ಹೊಲಕ್ಕೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥ ಕೆಲಸಕ್ಕಷ್ಟೇ. ದಿನಬಳಕೆಗೆ ಬೇಕಾದವರು ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳೋದು ಲೇಸು.

ಅಂದ್ರೆ ಮೈಸೂರಿನ ಮೊದಲ ದಶಕದ ಜಾವಾ ಇದ್ದವರ ಕೈಯಲ್ಲಿ ಇರೋದು ಗುಜರಿ ಅಲ್ಲ. ಅದರ ಚಾಸಿಗೆ ಒಮ್ಮೆ ಗ್ಯಾಸ್ ಕಟರ್ ಹಚ್ಚಿದರೆ ಆ ದಾರಿ ಮುಚ್ಚಿಹೋಗ್ತದೆ, ಮತ್ತೆ ತೆರೆಯೋದಿಲ್ಲ. ಬಾದಾಮಿಯ ಮೇಣಬಸದಿಯಲ್ಲಿ ಸವೆದ ಶಿಲ್ಪದ ಮೂಗನ್ನು ಯಾರೂ ಹೊಸದಾಗಿ ಕೆತ್ತೋದಿಲ್ಲ, ಇದ್ದದ್ದು ಇನ್ನಷ್ಟು ಸವೆಯದಂತೆ ಕಾಯ್ತಾರೆ. ಗಾಡಿ ಕಲ್ಲಲ್ಲ, ಓಡಬೇಕು ಖರೆ. ಸವೆದ ಪಿಸ್ಟನ್, ಟಾಯರ್, ವೈರಿಂಗ್, ಬ್ರೇಕ್ ಬದಲಿಸಲೇಬೇಕು. ಕಳಚಿದ ಮೂಲ ಸಾಮಾನನ್ನು ಮಾತ್ರ ಬಿಸಾಡದೆ ಒಂದು ಚೀಲದಲ್ಲಿ ಹಾಕಿ ಇಟ್ಟರೆ ಮುಂದಿನವರಿಗೆ ಅನುಕೂಲ.

ಬಾಂಬಿನ ರೊಕ್ಕದಿಂದ ಶುರುವಾಗಿ, ದುಬಾರಿ ಗಾಡಿಯ ಏಟು ತಿಂದು, ಬಡವರ ಕೈಗೆಟುಕುವ ಎಂಜಿನ್ ಹಿಡಿದು ಎದ್ದು ನಿಂತ ಯಾನೆಚೆಕ್ ಕಡೆಗೆ ಕಾರಖಾನೆಯನ್ನು ಮನೆತನಕ್ಕೆ ಉಳಿಸಿಕೊಡಲು ಆಗಲಿಲ್ಲ. ಆ ಕಾರಖಾನೆ ಜರ್ಮನರ ಹುಕುಮಿಗೆ ಹೋಯಿತು, ಆಮೇಲೆ ಸರ್ಕಾರದ ಪಾಲಾಯಿತು. ಹೆಸರು ಉಳಿದದ್ದು ರಿಪೇರಿ ಮಾಡಿಸಿಕೊಂಡು ಓಡಿಸಿದ ಸಾದಾ ಮಂದಿಯಿಂದ. ಮುಂದಿನ ಸಲ ಇಳಕಲ್ ರಸ್ತೆಯಲ್ಲಿ ಆ ಜೋಡಿ ಸೈಲೆನ್ಸರ್ ಸದ್ದು ಕೇಳಿದಾಗ, ಟಾಕಿ ಮೇಲಿನ ಮೊದಲ ಅಕ್ಷರ ಯಾರದು ಅಂತ ಪಕ್ಕದ ಹುಡುಗನಿಗೆ ಹೇಳಬಹುದು.